‘ಕ್ಯಾಮೆರಾ ಯಾವ್ದು ಸಾರ್?’ ಎಂದು ಕೇಳಿದವರಿಗೆ ಏನು ಹೇಳಬೇಕು

ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡು ಓಡಾಡುವವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಮದುವೆಮನೆಯಲ್ಲಿ ಹುಡುಗಿಯ ಸೋದರಮಾವ ಕೇಳುತ್ತಾರೆ. ರಂಗನತಿಟ್ಟಿನ ದೋಣಿಯಲ್ಲಿ ಪಕ್ಕಕ್ಕೆ ಕೂತ ಕಾಲೇಜು ಹುಡುಗ ಕೇಳುತ್ತಾನೆ. ಸಫಾರಿ ಕೌಂಟರಿನವರು, ವಿಮಾನ ನಿಲ್ದಾಣದ ಕಸ್ಟಮ್ಸ್‌ನವರು, ಮಗನ ನಾಮಕರಣಕ್ಕೆ ಬುಕ್ ಮಾಡಲು ಬಂದ ದಂಪತಿ, ಎಲ್ಲರೂ ಕೇಳುವುದು ಅದನ್ನೇ. ಆದರೆ ಒಬ್ಬರಿಗೆ ಬೇಕಾದ ಉತ್ತರ ಇನ್ನೊಬ್ಬರಿಗೆ ಉಪಯೋಗಕ್ಕೆ ಬರುವುದಿಲ್ಲ.

ನಮ್ಮ ಕಸುಬಿನವರು ಇಲ್ಲಿ ಎರಡು ರೀತಿ ಎಡವುತ್ತಾರೆ. ಕೆಲವರು ಬೆಳಕು ಹಿಡಿಯುವ ಸೆನ್ಸರ್‌ನಿಂದ ಶುರುಮಾಡಿ ಪಾಠ ಒಪ್ಪಿಸುತ್ತಾರೆ. ಕೇಳಿದವರು ಎರಡನೇ ನಿಮಿಷಕ್ಕೆ ಊಟದ ಪಂಕ್ತಿಯ ಕಡೆ ನೋಡತೊಡಗುತ್ತಾರೆ. ಇನ್ನು ಕೆಲವರು, ‘ಅಡುಗೆ ಚೆನ್ನಾಗಿದ್ರೆ ಒಲೆ ಯಾವ ಕಂಪನಿದು ಅಂತ ಕೇಳ್ತೀರಾ?’ ಎಂದು ಚುಚ್ಚುತ್ತಾರೆ. ಈ ಜೋಕು ಸವೆದು ಹೋಗಿದೆ. ಅಷ್ಟೇ ಅಲ್ಲ, ಎರಡು ಲಕ್ಷದ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಹಿಡಿದುಕೊಂಡು ‘ಕ್ಯಾಮೆರಾದಲ್ಲಿ ಏನಿಲ್ಲ, ಎಲ್ಲಾ ಕಣ್ಣಲ್ಲಿದೆ’ ಎನ್ನುವುದು ವಿನಯವೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಕೇಳಿದವರು ಮೂರ್ಖರೆಂದುಕೊಂಡು ಉತ್ತರ ಕೊಟ್ಟಂತಾಗುತ್ತದೆ.

1. ಮೊದಲು ಹೆಸರು ಹೇಳಿಬಿಡಿ

ಕೇಳಿದ್ದಕ್ಕೆ ಒಂದು ಸಾಲಿನ ನೇರ ಉತ್ತರ ಮೊದಲು. ಕಂಪನಿ, ಮಾಡೆಲ್, ಮುಂದೆ ಹಾಕಿರುವ ಲೆನ್ಸ್, ಇಷ್ಟು ಸಾಕು. ಲೆನ್ಸ್ ಹೆಸರನ್ನು ಬಿಡಬೇಡಿ. ಜನ ಬಾಡಿಯ ಬಗ್ಗೆ ಕೇಳುತ್ತಾರೆ, ಆದರೆ ಅವರಿಗೆ ಇಷ್ಟವಾದ ಮಸುಕು ಹಿನ್ನೆಲೆ ಬಹುಪಾಲು ಲೆನ್ಸಿನಿಂದ ಬಂದಿರುತ್ತದೆ. ‘ಸೋನಿ ಬಾಡಿ, 85 ಎಂಎಂ ಎಫ್/1.8 ಲೆನ್ಸ್’ ಎಂದರೆ ಮುಗಿಯಿತು (ಎಂಎಂ ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ, ಎಫ್ ಅಂಕಿ ಇಳಿದಷ್ಟೂ ಹೆಚ್ಚು ಬೆಳಕು ಒಳಬರುತ್ತದೆ). ಆಸಕ್ತಿ ಇದ್ದವರು ಮುಂದಿನ ಪ್ರಶ್ನೆ ಅವರೇ ಕೇಳುತ್ತಾರೆ. ಇಲ್ಲದವರು ‘ಓ, ಹೌದಾ’ ಎಂದು ಹೋಗುತ್ತಾರೆ. ಅವರ ಹಿಂದೆ ಬೀಳಬೇಡಿ.

ಹೆಸರು ಮುಚ್ಚಿಡುವುದರಿಂದ ಏನೂ ಗಿಟ್ಟುವುದಿಲ್ಲ. ಫ್ರಾನ್ಸಿನ ಹೆಸರಾಂತ ಛಾಯಾಗ್ರಾಹಕ ಹೆನ್ರಿ ಕಾರ್ಟಿಯೆ ಬ್ರೆಸ್ಸಾನ್ ಲೈಕಾ ಕ್ಯಾಮೆರಾಗೆ ಹೆಚ್ಚಾಗಿ 50 ಎಂಎಂ ಲೆನ್ಸೇ ಹಾಕುತ್ತಿದ್ದರೆಂದು ಫೋಟೊಗ್ರಫಿ ಕಲಿಯುವವರಿಗೆಲ್ಲ ಗೊತ್ತು. ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೋಮಾಯ್ ವ್ಯಾರಾವಾಲಾ ಸೀರೆಯುಟ್ಟು ಹೊರುತ್ತಿದ್ದದ್ದು ಸ್ಪೀಡ್ ಗ್ರಾಫಿಕ್, ರೋಲಿಫ್ಲೆಕ್ಸ್ ಕ್ಯಾಮೆರಾಗಳನ್ನು ಎಂಬುದೂ ಗೊತ್ತು. ಗೊತ್ತಾದ ಮಾತ್ರಕ್ಕೆ ಅವರ ಚಿತ್ರಗಳನ್ನು ಯಾರೂ ಮತ್ತೆ ತೆಗೆಯಲಾಗಲಿಲ್ಲ.

2. ಬೆಲೆ ಕೇಳಿದರೆ ಮುಖ ಸಿಂಡರಿಸಬೇಡಿ

‘ಎಷ್ಟಾಯ್ತು?’ ಎಂದು ಕೇಳುವುದು ನಮ್ಮ ಕಡೆ ಒರಟುತನವಲ್ಲ. ಸೀರೆಗೂ ಕೇಳುತ್ತಾರೆ, ಸೈಟಿಗೂ ಕೇಳುತ್ತಾರೆ. ಪೈಸೆ ಲೆಕ್ಕ ಒಪ್ಪಿಸಬೇಕಿಲ್ಲ. ‘ಲೆನ್ಸ್ ಸೇರಿ ಲಕ್ಷದ ಮೇಲಾಯ್ತು ಮಾವ, ಇನ್ನೂ ಕಂತು ಕಟ್ತಾ ಇದೀನಿ’ ಎಂದರೆ ಮಾತು ತಾನಾಗಿಯೇ ಕಂತಿನ ಬಡ್ಡಿಗೆ ಹೊರಳುತ್ತದೆ, ನೀವು ಬಚಾವು. ಇಲ್ಲಿ ಬೆಲೆ ಕಡಿಮೆ ಮಾಡಿ ಹೇಳುವ ಚಾಳಿ ಹಲವರಿಗಿದೆ. ಮುಂದೆ ಅದೇ ಮಾವ ನಿಮ್ಮನ್ನು ಕೆಲಸಕ್ಕೆ ಕರೆದಾಗ ‘ಮೂವತ್ತು ಸಾವಿರದ ಕ್ಯಾಮೆರಾಗೆ ಇಷ್ಟು ರೇಟಾ?’ ಎಂದು ಚೌಕಾಸಿ ಮಾಡುತ್ತಾರೆ, ನೆನಪಿರಲಿ.

3. ‘ನಾನೂ ಒಂದು ತಗೋಬೇಕು’ ಎಂದವರಿಗೆ ಸಮಯ ಕೊಡಿ

ನಿಧಾನವಾಗಿ ಉತ್ತರಿಸಬೇಕಾದವರು ಇವರೇ. ನಿಮ್ಮ ಒಂದು ಮಾತನ್ನು ನಂಬಿ ಹಣ ಸುರಿಯುವವರು. ಹಾಗಾಗಿ ನಿಮ್ಮ ಮಾಡೆಲ್ ಹೆಸರು ಹೇಳಿ ಕೈತೊಳೆದುಕೊಳ್ಳದೆ ತಿರುಗಿ ಮೂರು ಪ್ರಶ್ನೆ ಹಾಕಿ: ಏನು ತೆಗೀಬೇಕು? ತೆಗೆದದ್ದನ್ನು ಎಲ್ಲಿ ನೋಡ್ತೀರಿ, ಫೋನಲ್ಲೋ ಪ್ರಿಂಟಲ್ಲೋ? ಲೆನ್ಸ್, ಕಾರ್ಡು, ಬ್ಯಾಗು ಎಲ್ಲಾ ಸೇರಿ ಎಷ್ಟು ಇಟ್ಟುಕೊಂಡಿದೀರಿ?

‘ಮಗು ಫೋಟೊ, ಮನೆ ಫಂಕ್ಷನ್ನು’ ಎಂದರೆ, ಫೋನಿನಲ್ಲಿ ಏನು ಕೊರತೆ ಕಂಡಿತು ಎಂದು ಕೇಳಿ. ‘ಮುಖ ಒಂಥರಾ ಬರುತ್ತೆ’ ಎಂಬ ಉತ್ತರ ಬರುವ ಸಂಭವ ಹೆಚ್ಚು. ಫೋನಿನ ಮುಖ್ಯ ಲೆನ್ಸ್ ಸಾಮಾನ್ಯವಾಗಿ 24ರಿಂದ 26 ಎಂಎಂ ಲೆನ್ಸಿನಷ್ಟು ಅಗಲ ನೋಡುತ್ತದೆ. ಮುಖ ದೊಡ್ಡದಾಗಿ ಬರಲೆಂದು ಅದನ್ನು ಹಿಡಿದು ಹತ್ತಿರ ಹೋಗುತ್ತೇವೆ, ಹತ್ತಿರ ಹೋದಷ್ಟೂ ಮೂಗು ಉಬ್ಬಿ ಕಿವಿ ಹಿಂದೆ ಸರಿಯುತ್ತದೆ. ದೂರ ನಿಂತು ಉದ್ದ ಲೆನ್ಸಿನಲ್ಲಿ ತೆಗೆದರೆ ಈ ತೊಂದರೆ ಇಲ್ಲ. ಕೇಳಿದವರ ಫೋನನ್ನೇ ತೆಗೆದುಕೊಂಡು ಅವರ ಮುಖವನ್ನು ಒಂದು ಅಡಿಯಿಂದ ಒಮ್ಮೆ, ನಾಲ್ಕು ಹೆಜ್ಜೆ ಹಿಂದೆ ಸರಿದು ಜೂಮ್ ಮಾಡಿ ಒಮ್ಮೆ ತೆಗೆದು ತೋರಿಸಿ. ಕೆಲವರಿಗೆ ಅಲ್ಲಿಗೇ ಸಮಾಧಾನವಾಗಿ ಕ್ಯಾಮೆರಾ ದುಡ್ಡು ಉಳಿಯುತ್ತದೆ.

ಕ್ಯಾಮೆರಾ ಬೇಕೇ ಬೇಕು ಎಂದವರಿಗೆ ಬಾಡಿಯಲ್ಲಿ ಉಳಿಸಿ ಲೆನ್ಸಿಗೆ ಹಾಕಲು ಹೇಳಿ, ಜೊತೆಗೆ ಕಾರಣವನ್ನೂ ಹೇಳಿ. ಬಾಡಿಯ ಜೊತೆ ಬರುವ 18-55 ಕಿಟ್ ಲೆನ್ಸನ್ನು 55ಕ್ಕೆ ತಿರುಗಿಸಿದರೆ ಅದರ ಅಪರ್ಚರ್ (ಬೆಳಕು ಬರುವ ಕಿಂಡಿ) ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. 50 ಎಂಎಂ ಎಫ್/1.8 ಲೆನ್ಸ್ ಅದಕ್ಕಿಂತ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬಿಡುತ್ತದೆ. ಕಲ್ಯಾಣ ಮಂಟಪದಲ್ಲಿ ಧಾರೆಯ ಹೊತ್ತಿಗೆ ಹೋಮದ ಹೊಗೆ, ಸುತ್ತ ಜನ, ಮೇಲೆ ಹಳದಿ ದೀಪ. ಅಲ್ಲಿ ಕಿಟ್ ಲೆನ್ಸಿಗೆ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ, ಏರಿದಷ್ಟೂ ಚಿತ್ರ ರವೆ ರವೆ) 6400 ಬೇಕಾದರೆ ಈ ಲೆನ್ಸಿಗೆ 640 ಸಾಕು. ವರ್ಷಗಟ್ಟಲೆ ‘ನನ್ನ ಕ್ಯಾಮೆರಾ ಸರಿ ಇಲ್ಲ, ರವೆ ರವೆ ಬರುತ್ತೆ’ ಎಂದು ಕೊರಗುವವರಲ್ಲಿ ಬಹಳ ಜನರ ಕೊರತೆ ಬಾಡಿಯದ್ದಲ್ಲ.

ಇಲ್ಲೊಂದು ಎಚ್ಚರ. ನಿಮ್ಮದು ಫುಲ್ ಫ್ರೇಮ್ ಆಗಿದ್ದು ಅವರು ಕೊಳ್ಳುವುದು ಚಿಕ್ಕ ಸೆನ್ಸರಿನ ಕ್ಯಾಮೆರಾ ಆಗಿದ್ದರೆ, ‘50 ಎಂಎಂ ತಗೊಳ್ಳಿ’ ಎಂಬ ನಿಮ್ಮ ಸಲಹೆ ಅವರ ಕೈಯಲ್ಲಿ ಬೇರೆಯೇ ಆಗುತ್ತದೆ. ಫುಲ್ ಫ್ರೇಮ್ ಸೆನ್ಸರ್ 36×24 ಮಿಲಿಮೀಟರ್. ನಿಕಾನ್, ಸೋನಿಯ ಚಿಕ್ಕ ಸೆನ್ಸರಿನಲ್ಲಿ ಅದೇ ಲೆನ್ಸಿನ ನೋಟ 1.5 ಪಟ್ಟು ಬಿಗಿಯಾಗುತ್ತದೆ, ಕ್ಯಾನನ್‌ನಲ್ಲಿ 1.6 ಪಟ್ಟು. ನಿಮ್ಮ 50 ಅವರಿಗೆ 75 ಅಥವಾ 80. ಹತ್ತು ಅಡಿಯ ಹಾಲಿನಲ್ಲಿ ಅವರು ಗೋಡೆಗೆ ಬೆನ್ನು ಒತ್ತಿ ನಿಂತರೂ ಇಡೀ ಕುಟುಂಬ ಫ್ರೇಮಿಗೆ ಬರುವುದಿಲ್ಲ, ಬೈಗುಳ ನಿಮಗೆ. ಮನೆಯೊಳಗಿನ ಫೋಟೊಗೆ ಅವರಿಗೆ ಹೇಳಬೇಕಾದದ್ದು 35 ಎಂಎಂ.

‘ಹುಲಿ, ಹಕ್ಕಿ’ ಎಂದವರಿಗೆ ಮಾತ್ರ ಸಲಕರಣೆ ಮುಖ್ಯವಲ್ಲ ಎಂಬ ಮಾತನ್ನು ಖಂಡಿತ ಹೇಳಬೇಡಿ. ಕಬಿನಿಯಲ್ಲಿ ಜೀಪಿನಿಂದ ಇಳಿಯುವ ಹಾಗಿಲ್ಲ, ಹುಲಿ ನಿಮಗಾಗಿ ಹತ್ತಿರ ಬರುವುದಿಲ್ಲ, ಸಂಜೆ ಆರಕ್ಕೆ ಬೆಳಕು ಕುಸಿದಿರುತ್ತದೆ. ಅಲ್ಲಿ 600 ಎಂಎಂ ಎಫ್/4 ಲೆನ್ಸ್ ಮಾಡುವ ಕೆಲಸವನ್ನು ಕಣ್ಣು, ತಾಳ್ಮೆ, ಸಾಧನೆ ಯಾವುದೂ ಮಾಡಲಾರವು. ಅದರ ಬೆಲೆ ಹತ್ತು ಲಕ್ಷ ದಾಟುತ್ತದೆ. ಅದನ್ನು ಹೇಳಿದ ಮೇಲೆ, ಟ್ಯಾಮ್ರಾನ್, ಸಿಗ್ಮಾದ 150-600, ನಿಕಾನ್ 200-500, ಸೋನಿ 200-600 ಇವು ಅದರ ಐದನೇ ಒಂದು ಪಾಲಿಗಿಂತ ಕಡಿಮೆ ದುಡ್ಡಿಗೆ ಬರುತ್ತವೆ ಎಂಬುದನ್ನೂ ಹೇಳಿ. ಇವುಗಳಲ್ಲಿ ಹೆಚ್ಚಿನವು 600ರಲ್ಲಿ ಎಫ್/6.3ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಎಫ್/6.3ಕ್ಕೂ ಎಫ್/4ಕ್ಕೂ ಬೆಳಕಿನ ವ್ಯತ್ಯಾಸ ಎರಡೂವರೆ ಪಟ್ಟು, ಅಂದರೆ ಮಬ್ಬಿನಲ್ಲಿ ಕಷ್ಟ, ಬೆಳಗಿನ ಬಿಸಿಲಲ್ಲಿ ತೊಂದರೆಯಿಲ್ಲ. ಕಲಿಯುವವರನ್ನು ಮೊದಲು ರಂಗನತಿಟ್ಟಿಗೇ ಕಳಿಸಿ. ದೋಣಿ ಗೂಡುಗಳ ಸಮೀಪವೇ ಹಾಯುತ್ತದೆ, 300 ಎಂಎಂನಲ್ಲೂ ಬಣ್ಣದ ಕೊಕ್ಕರೆ ಫ್ರೇಮ್ ತುಂಬುತ್ತದೆ. ಆಮೇಲೂ ಹುಚ್ಚು ಇಳಿಯದಿದ್ದರೆ ಒಂದು ವಾರಾಂತ್ಯಕ್ಕೆ ದೊಡ್ಡ ಲೆನ್ಸ್ ಬಾಡಿಗೆಗೆ ತರಲಿ. ಬೆಂಗಳೂರಿನಲ್ಲಿ ಬಾಡಿಗೆಗೆ ಕೊಡುವವರಿಗೆ ಬರವಿಲ್ಲ.

4. ಸೆಟ್ಟಿಂಗ್ ಕೇಳಿದರೆ ಬೆಳಕನ್ನೂ ಹೇಳಿ

ಒಂದು ಯಕ್ಷಗಾನದ ಫೋಟೊ ನೋಡಿ ಹುಡುಗನೊಬ್ಬ ‘ಸೆಟ್ಟಿಂಗ್ ಹೇಳಿ ಅಣ್ಣಾ’ ಎಂದ ಎಂದುಕೊಳ್ಳಿ. ನೀವು ‘1/250, ಎಫ್/2.8, ಐಎಸ್‌ಒ 3200’ ಎಂದಿರಿ (ಮೊದಲ ಅಂಕಿ ಶಟರ್ ತೆರೆದಿರುವ ಸಮಯ, ಸೆಕೆಂಡಿನಲ್ಲಿ). ಅವನು ಮುಂದಿನ ಆಟಕ್ಕೆ ಹೋಗಿ ಅದೇ ಅಂಕಿ ಹಾಕುತ್ತಾನೆ, ಚಿತ್ರದ ತುಂಬ ಅಡ್ಡಡ್ಡ ಕಪ್ಪು ಪಟ್ಟಿ. ಯಾಕೆಂದರೆ ನೀವು ತೆಗೆದ ರಂಗದಲ್ಲಿ ಹಳೆಯ ಹ್ಯಾಲೊಜೆನ್ ದೀಪಗಳಿದ್ದವು, ಅವನು ಹೋದಲ್ಲಿ ಅಗ್ಗದ ಎಲ್‌ಇಡಿ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದ್ದು, ಅಂಥ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. 1/100ಕ್ಕೆ ಇಳಿಸಿದರೆ ಪಟ್ಟಿ ಹೋಗುತ್ತದೆ, ಆದರೆ ತೆಂಕುತಿಟ್ಟಿನ ಧೀಂಗಿಣದಲ್ಲಿ (ಗಿರಗಿರನೆ ಸುತ್ತುವ ಕುಣಿತ) ವೇಷಧಾರಿಯ ಕೈ ಕಾಲು ಕಲೆಸಿಹೋಗುತ್ತವೆ. ಭಾಗವತರು ಪದ ಎತ್ತಿದ್ದಾರೆ, ವೇಷ ಇನ್ನೂ ನಿಂತು ಅಭಿನಯಿಸುತ್ತಿದೆ ಎನ್ನುವಾಗ 1/100. ಚೆಂಡೆ ಏರಿದಾಗ 1/250 ಅಥವಾ ಅದಕ್ಕೂ ಹೆಚ್ಚು, ಆಗ ಮಿನುಗಿನ ಪಟ್ಟಿ ತಪ್ಪಿಸುವ ಕ್ಯಾಮೆರಾದ ಆಂಟಿ-ಫ್ಲಿಕರ್ ಆಯ್ಕೆ ಆನ್ ಇರಲಿ. ಅವನಿಗೆ ಬೇಕಿದ್ದದ್ದು ಈ ಮಾತು. ಮೂರು ಅಂಕಿ ಹೇಳಿ ಕಳಿಸುವುದು ಉತ್ತರ ಕೊಡದಿರುವುದಕ್ಕಿಂತ ಕೆಟ್ಟದ್ದು.

ನಿಮಗೇ ಅಂಕಿ ನೆನಪಿಲ್ಲದಿದ್ದರೆ ಊಹಿಸಬೇಡಿ. ಶಟರ್, ಅಪರ್ಚರ್, ಐಎಸ್‌ಒ, ಲೆನ್ಸ್ ಎಲ್ಲವೂ ಫೋಟೊ ಫೈಲಿನೊಳಗೆ ಎಕ್ಸಿಫ್ ಮಾಹಿತಿಯಾಗಿ ಕೂತಿರುತ್ತವೆ, ಮೂಲ ಫೈಲ್ ತೆರೆದು ನೋಡಿ ಹೇಳಿ. ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಅಳಿಸಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ಆದರೆ ಹಾಗೆ ಕಳಿಸುವ ಮುನ್ನ ಯೋಚಿಸಿ: ಅನೇಕ ಕ್ಯಾಮೆರಾಗಳು ಬಾಡಿಯ ಸೀರಿಯಲ್ ನಂಬರನ್ನೂ ಅಲ್ಲೇ ಬರೆದಿಡುತ್ತವೆ, ಫೋನಾದರೆ ತೆಗೆದ ಜಾಗವನ್ನೂ. ಗೂಡಿನಲ್ಲಿರುವ ಹಕ್ಕಿಯ ಚಿತ್ರವನ್ನು ಜಾಗದ ಸಮೇತ ಹಂಚಿದರೆ ಮರುದಿನ ಅಲ್ಲಿ ಜಾತ್ರೆ.

5. ಗಿರಾಕಿ ಕೇಳಿದರೆ ಅವರ ಭಯಕ್ಕೆ ಉತ್ತರ ಕೊಡಿ

‘ಯಾವ ಕ್ಯಾಮೆರಾ ತರ್ತೀರಿ? ಫುಲ್ ಫ್ರೇಮಾ? 4ಕೆ ಇದೆಯಾ? ಡ್ರೋನ್ ಇದೆಯಾ?’ ಮದುವೆ ಗೊತ್ತುಮಾಡಿದ ಮನೆಯವರು ಹೀಗೆ ಕೇಳುವುದು ಯಾರೋ ಹೇಳಿಕೊಟ್ಟ ಪಟ್ಟಿ. ಅವರ ನಿಜವಾದ ಆತಂಕ ಬೇರೆ: ಫೋಟೊ ಕಳೆದುಹೋದರೆ? ಮಂಟಪ ಕತ್ತಲೆ ಬಂದರೆ? ಮುಹೂರ್ತದ ಹೊತ್ತಿಗೆ ಕ್ಯಾಮೆರಾ ಕೈಕೊಟ್ಟರೆ? ಮಾಡೆಲ್ ಹೆಸರು ಹೇಳಿ, ಮರುಕ್ಷಣವೇ ಅಲ್ಲಿಗೆ ಬನ್ನಿ. ‘ಎರಡು ಬಾಡಿ ಇರುತ್ತೆ ಅಮ್ಮಾ. ಎರಡರಲ್ಲೂ ಒಂದೇ ಫೋಟೊ ಎರಡೆರಡು ಕಾರ್ಡಿಗೆ ಬರೆಯುತ್ತೆ. ಅವತ್ತು ರಾತ್ರಿನೇ ಎರಡು ಹಾರ್ಡ್ ಡಿಸ್ಕಿಗೆ ಕಾಪಿ ಮಾಡ್ತೀವಿ, ಒಂದು ನನ್ನ ಹತ್ರ, ಇನ್ನೊಂದು ಸ್ಟುಡಿಯೋದಲ್ಲಿ.’ ಇದನ್ನು ಕೇಳಿದ ಮೇಲೆ ಮಾಡೆಲ್ ನಂಬರ್ ಯಾರಿಗೂ ಬೇಕಾಗುವುದಿಲ್ಲ. ಹಾಗೆ ಮಾಡುವುದಾದರೆ ಮಾತ್ರ ಹೇಳಿ, ಮತ್ತೆ.

ಮೆಗಾಪಿಕ್ಸೆಲ್ ಕೇಳಿದರೆ ಆಲ್ಬಮ್ ಅಳತೆಯಲ್ಲಿ ಹೇಳಿ. 24 ಮೆಗಾಪಿಕ್ಸೆಲ್ ಎಂದರೆ 6000×4000 ಚುಕ್ಕೆ. ಇಂಚಿಗೆ 300ರಂತೆ ಪ್ರಿಂಟ್ ಹಾಕಿದರೆ 20×13 ಇಂಚು. ನಮ್ಮ ಆಲ್ಬಮ್‌ಗಳು ಹೆಚ್ಚಾಗಿ 12×36, ಅಂದರೆ ಒಂದು ಪುಟ 12×18. ಅಲ್ಲಿಗೆ ಧಾರಾಳವಾಯಿತು.

4ಕೆ ಬೇಕೆಂದರೆ ಕೊಡಿ, ಆದರೆ ಲೆಕ್ಕ ಮುಂದಿಡಿ. ಸೆಕೆಂಡಿಗೆ 100 ಮೆಗಾಬಿಟ್‌ನಂತೆ ರೆಕಾರ್ಡ್ ಮಾಡಿದರೆ ಒಂದು ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ, ವರಪೂಜೆಯಿಂದ ಬೀಗರ ಔತಣದವರೆಗೆ ಎಂದರೆ ಹಾರ್ಡ್ ಡಿಸ್ಕಿನ ಖರ್ಚು ಯಾರದು ಎಂಬುದು ಮುಂಗಡದ ದಿನವೇ ತೀರ್ಮಾನವಾಗಬೇಕು. ಡ್ರೋನ್ ವಿಷಯದಲ್ಲಿ ‘ಇದೆ’ ಎಂದು ತಟ್ಟನೆ ಒಪ್ಪಬೇಡಿ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂಗಿಂತ ಹೆಚ್ಚು ತೂಕದ್ದಾದರೆ ನೋಂದಣಿ ಬೇಕು, ಹಣಕ್ಕೆ ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರವೂ ಬೇಕು. ಮಂಟಪ ಕೆಂಪು ವಲಯದಲ್ಲಿದ್ದರೆ (ಡ್ರೋನ್ ನಿರ್ಬಂಧಿತ ಪ್ರದೇಶ) ಅನುಮತಿಯಿಲ್ಲದೆ ಏಳಿಸುವಂತಿಲ್ಲ. ‘ಮಂಟಪದ ವಿಳಾಸ ಕೊಡಿ, ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿ ಹೇಳ್ತೀನಿ’ ಎನ್ನುವುದೇ ಸರಿಯಾದ ಉತ್ತರ.

‘ಆ ಸ್ಟುಡಿಯೋದವರು ನಿಮಗಿಂತ ಹೊಸ ಕ್ಯಾಮೆರಾ ಇಟ್ಟಿದಾರಂತೆ’ ಎಂಬ ಮಾತು ಬಂದೇ ಬರುತ್ತದೆ. ವಾದಕ್ಕಿಳಿಯಬೇಡಿ, ಆ ಸ್ಟುಡಿಯೋದವರನ್ನು ಆಡಿಕೊಳ್ಳಲೂಬೇಡಿ. ಅಂಥದ್ದೇ ಮಂಟಪದಲ್ಲಿ ನೀವು ತೆಗೆದ ಒಂದು ಮದುವೆಯ ಇಡೀ ಆಲ್ಬಮ್ ತೆರೆದಿಡಿ, ಆರಿಸಿದ ಹತ್ತು ಚಿತ್ರಗಳನ್ನಲ್ಲ. ಊಟದ ಮನೆಯ ಟ್ಯೂಬ್‌ಲೈಟಿನಲ್ಲಿ ತೆಗೆದ ಪುಟ ಹೇಗಿದೆ ಎಂಬುದನ್ನು ಅವರೇ ನೋಡಿಕೊಳ್ಳಲಿ. ಒಪ್ಪಂದದ ಕಾಗದದಲ್ಲಿ ಎಷ್ಟು ಫೋಟೊ, ಯಾವ ಅಳತೆಯ ಆಲ್ಬಮ್, ಯಾವ ದಿನದೊಳಗೆ ಎಂದು ಬರೆಯಿರಿ. ಕ್ಯಾಮೆರಾ ಮಾಡೆಲ್ ಬರೆಯಬೇಡಿ. ಬರೆದರೆ, ಅದು ರಿಪೇರಿಗೆ ಹೋದ ವಾರ ನೀವು ಮಾತು ತಪ್ಪಿದವರಾಗುತ್ತೀರಿ. ಬಾಡಿಗೆ ಸಲಕರಣೆಯಾದರೆ ಕೇಳಿದಾಗ ಬಾಡಿಗೆ ಎಂದೇ ಹೇಳಿ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

6. ಅಧಿಕಾರಿಗಳಿಗೆ ಚಿಕ್ಕ ಉತ್ತರ, ಜೊತೆಗೆ ಕಾಗದ

ಸಫಾರಿ ಕೌಂಟರಿನಲ್ಲಿ ‘ಲೆನ್ಸ್ ಎಷ್ಟು ಎಂಎಂ?’ ಎಂದು ಕೇಳುವುದು ಶುಲ್ಕಕ್ಕಾಗಿ. ಲೆನ್ಸ್ ಉದ್ದವಾದಂತೆ ದರ ಏರುತ್ತದೆ. ಬ್ಯಾಗಿನಲ್ಲಿರುವ ಅತಿ ಉದ್ದದ್ದನ್ನೇ ಹೇಳಿ ರಸೀದಿ ಪಡೆಯಿರಿ. ಗೇಟಿನಲ್ಲಿ ಒಂದು ಹೇಳಿ ಕಾಡಿನೊಳಗೆ ಇನ್ನೊಂದು ತೆಗೆಯುವವರನ್ನು ಗಾರ್ಡುಗಳು ಚೆನ್ನಾಗಿ ಬಲ್ಲರು.

ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ, ಹಂಪಿಯಿರಲಿ ಪಟ್ಟದಕಲ್ಲಿರಲಿ, ಕೈಯಲ್ಲಿ ಹಿಡಿದು ತೆಗೆಯಲು ಸಾಮಾನ್ಯವಾಗಿ ತಕರಾರಿಲ್ಲ, ಟ್ರೈಪಾಡ್ ಬಿಚ್ಚಿದರೆ ಅನುಮತಿ ಪತ್ರ ಕೇಳುತ್ತಾರೆ. ಬೇರೆ ಕಡೆ ಸೆಕ್ಯುರಿಟಿಯವರು ‘ಪ್ರೊಫೆಷನಲ್ ಕ್ಯಾಮೆರಾನಾ?’ ಎನ್ನುತ್ತಾರೆ. ಅವರಿಗೆ ಬಂದಿರುವ ಆದೇಶವೇ ‘ದೊಡ್ಡ ಕ್ಯಾಮೆರಾ ಬಿಡಬೇಡ’ ಎಂದಿರುತ್ತದೆ. ಫೋನಿನಲ್ಲಿ ಇದಕ್ಕಿಂತ ಹೆಚ್ಚು ಮೆಗಾಪಿಕ್ಸೆಲ್ ಇದೆ ಎಂದು ಅವರಿಗೆ ತಿಳಿಹೇಳಿ ಗೆದ್ದವರಿಲ್ಲ. ‘ಅನುಮತಿ ಯಾರ ಹತ್ರ ಕೇಳಬೇಕು ಸಾರ್?’ ಎಂದರೆ ಅರ್ಧ ಕೆಲಸ ಆಯಿತು.

ವಿದೇಶಕ್ಕೆ ಹೊರಟಿದ್ದರೆ ಹೊರಡುವಾಗಲೇ ಕಸ್ಟಮ್ಸ್‌ಗೆ ಹೋಗಿ ಬಾಡಿ, ಲೆನ್ಸುಗಳ ಸೀರಿಯಲ್ ನಂಬರ್ ತೋರಿಸಿ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಿ. ವಾಪಸ್ ಬರುವಾಗ ‘ಎಲ್ಲಿ ಕೊಂಡಿದ್ದು?’ ಎಂದು ಕೇಳಿದರೆ ಆ ಕಾಗದ ತೋರಿಸಿದರಾಯಿತು, ಸುಂಕದ ಮಾತು ಬರುವುದಿಲ್ಲ. ಸಾಲಿನಲ್ಲಿ ನಿಲ್ಲುವ ಸಮಯ ಇಟ್ಟುಕೊಂಡು ಬೇಗ ಹೋಗಿ. ಬಿಡಿ ಬ್ಯಾಟರಿಗಳು ಕ್ಯಾಬಿನ್ ಬ್ಯಾಗಿನಲ್ಲೇ ಇರಬೇಕು. 100 ವ್ಯಾಟ್-ಗಂಟೆಯೊಳಗಿನವಕ್ಕೆ ವಿಮಾನ ಕಂಪನಿಯ ಒಪ್ಪಿಗೆ ಬೇಡ. ಸಾಮಾನ್ಯ ಮಿರರ್‌ಲೆಸ್ ಕ್ಯಾಮೆರಾ ಬ್ಯಾಟರಿ 20ನ್ನೂ ಮುಟ್ಟುವುದಿಲ್ಲ, ಅಂಕಿ ಬ್ಯಾಟರಿಯ ಮೇಲೇ ಅಚ್ಚಾಗಿರುತ್ತದೆ, ಕೇಳಿದವರಿಗೆ ಅದನ್ನೇ ತೋರಿಸಿ.

7. ಅಪರಿಚಿತರು, ಎರವಲು ಕೇಳುವವರು, ಕೊಳ್ಳುವವರು

ರೈಲಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ‘ಬ್ಯಾಗಲ್ಲಿ ಏನೇನಿದೆ?’ ಎಂದರೆ ಪಟ್ಟಿ ಓದಬೇಡಿ. ‘ಕ್ಯಾಮೆರಾ, ಸ್ವಲ್ಪ ಹಳೇದು’ ಎಂದು ಮಾತು ಬದಲಿಸಿ. ಇಳಿಯುವ ಊರನ್ನಂತೂ ಹೇಳಲೇಬೇಡಿ.

‘ಒಂದಿನ ಕೊಡ್ತೀಯಾ?’ ಎನ್ನುವ ನೆಂಟರಿಗೆ ಇಲ್ಲ ಎನ್ನುವುದು ಕಷ್ಟ. ‘ನಾನೇ ಬಂದು ತೆಗೆದುಕೊಡ್ತೀನಿ ಭಾವ’ ಎಂದರೆ ಅರ್ಧ ಜನ ಹಿಂದೆ ಸರಿಯುತ್ತಾರೆ, ಇನ್ನರ್ಧ ಜನರಿಗೆ ನಿಜವಾಗಿಯೂ ಫೋಟೊ ಬೇಕಿರುತ್ತದೆ. ಹೋಗಿ ಬನ್ನಿ.

‘ಮಾರೋದಿದ್ರೆ ಹೇಳಿ’ ಎಂದವರಿಗೆ ಅವರು ಕೇಳದಿದ್ದರೂ ಮೂರು ವಿಷಯ ನೀವೇ ಹೇಳಿ. ಮೊದಲನೆಯದು ಶಟರ್ ಎಷ್ಟು ಸಲ ಬಿದ್ದಿದೆ ಎಂಬುದು. ಮಧ್ಯಮ ದರ್ಜೆಯ ಡಿಎಸ್‌ಎಲ್‌ಆರ್‌ಗಳ ಶಟರನ್ನು ಒಂದೂವರೆ ಲಕ್ಷದ ಆಸುಪಾಸಿಗೆ ಪರೀಕ್ಷಿಸಿರುತ್ತಾರೆ, ಅದರಲ್ಲಿ ಎಷ್ಟು ಮುಗಿದಿದೆ ಎಂಬುದರ ಮೇಲೆ ಬೆಲೆ. ಎರಡನೆಯದು, ಬಿಲ್ ಇದೆಯೇ, ಭಾರತದ ವಾರಂಟಿಯದ್ದೇ ಎಂಬುದು. ಮೂರನೆಯದು ಫಂಗಸ್. ಮಂಗಳೂರು, ಶಿರಸಿ, ಮಡಿಕೇರಿ ಕಡೆ ಎರಡು ಮಳೆಗಾಲ ಬೀರುವಿನಲ್ಲಿ ಕಳೆದ ಲೆನ್ಸಿನೊಳಗೆ ಬಿಳಿ ಎಳೆ ಹಬ್ಬಿರುವುದು ಮಾಮೂಲು. ಎರಡೂ ಕಡೆಯ ಮುಚ್ಚಳ ತೆಗೆದು, ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಫೋನಿನ ಟಾರ್ಚ್ ಓರೆಯಾಗಿ ಹಿಡಿದು ಅವರ ಕಣ್ಣಿಗೇ ತೋರಿಸಿ. ಎಳೆ ಕಂಡರೆ ಬೆಲೆ ಇಳಿಸಿ, ಅಥವಾ ಸ್ವಚ್ಛ ಮಾಡಿಸಿ ಆಮೇಲೆ ಮಾರಿ.